‘ಬನ್ನಿ’ ಎಂದು ಕರೆದವರ ಲೆಕ್ಕ

ಕೆಲವು ವರ್ಷಗಳ ಹಿಂದೆ ನಾನು ನಿರ್ಮಿಸುತ್ತಿದ್ದ ಚರ್ಚಾ ಕಾರ್ಯಕ್ರಮಕ್ಕೆ ಒಬ್ಬ ಯುವ ಅತಿಥಿ ಬಂದಿದ್ದರು. ಅಂತರಜಾಲದಲ್ಲಿ ಅವರಿಗೆ ಲಕ್ಷಗಟ್ಟಲೆ ಹಿಂಬಾಲಕರು. ಚರ್ಚೆಯ ವಿಷಯ ಗ್ರಾಮೀಣ ಕಲಾವಿದರಿಗೆ ಒದಗಿರುವ ಹೊಸ ಅವಕಾಶಗಳು. ಮಾತಿನ ನಡುವೆ ಎರಡು ಸಲ, ಮುಗಿಸುವಾಗ ಮತ್ತೊಂದು ಸಲ, ಅವರು ಹೊಸದೊಂದು ವಿಡಿಯೊ ಆ್ಯಪ್‌ನ ಹೆಸರು ಹೇಳಿ, “ನಾನು ಅಲ್ಲೇ ಇದ್ದೇನೆ, ನೀವೂ ಬನ್ನಿ” ಎಂದು ಕರೆದರು. ನೇರ ಪ್ರಸಾರವಾದ್ದರಿಂದ ಕತ್ತರಿ ಹಾಕುವಂತಿರಲಿಲ್ಲ. ನಿಜ ಹೇಳಬೇಕೆಂದರೆ, ಕತ್ತರಿ ಹಾಕಬೇಕೆಂದು ನನಗಾಗ ಅನ್ನಿಸಿರಲೂ ಇಲ್ಲ.

ಒಂದೂವರೆ ವರ್ಷದ ಬಳಿಕ ನಿವೃತ್ತ ಶಿಕ್ಷಕಿಯೊಬ್ಬರಿಂದ ಪತ್ರ ಬಂತು. ಕಾರ್ಯಕ್ರಮ ನೋಡಿ ಅವರು ಆ ಆ್ಯಪ್ ಸೇರಿದ್ದರು. ತಾಯಿಯಿಂದ ಕಲಿತ ಸೋಬಾನೆ ಪದಗಳನ್ನು ವಾರಕ್ಕೊಂದರಂತೆ ಹಾಡಿ ಅಲ್ಲಿ ಸೇರಿಸಿದ್ದರು. ಆ್ಯಪ್ ಮುಚ್ಚಿಹೋಯಿತು. ನಡುವೆ ಫೋನು ಬದಲಾಯಿಸಿದ್ದರಿಂದ ಮೂಲ ಪ್ರತಿಗಳೂ ಕೈಯಲ್ಲಿ ಉಳಿದಿರಲಿಲ್ಲ. ಪತ್ರದಲ್ಲಿ ಕೋಪವಿರಲಿಲ್ಲ, ಒಂದೇ ಒಂದು ಪ್ರಶ್ನೆಯಿತ್ತು: ಆ ಹುಡುಗನಿಗೆ ಯಾರಾದರೂ ದುಡ್ಡು ಕೊಟ್ಟು ಹೇಳಿಸಿದ್ದರೋ, ಇಲ್ಲ ಅವನಿಗೇ ಹಾಗನ್ನಿಸಿತ್ತೋ?

ನನ್ನಲ್ಲಿ ಉತ್ತರವಿರಲಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಅತಿಥಿಯ ಮೈಕು ನೋಡಿದ್ದೆವು, ಅಂಗಿಯ ಬಣ್ಣ ಕ್ಯಾಮೆರಾಕ್ಕೆ ಒಗ್ಗುವುದೋ ಎಂದು ನೋಡಿದ್ದೆವು. ಈ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. (ಆ ಆ್ಯಪ್ ಈ ಲೇಖನದಲ್ಲಿ ಮುಂದೆ ಹೆಸರಿಸುವ ಯಾವ ಸಂಸ್ಥೆಯದೂ ಅಲ್ಲ.) ಅಂದಿನಿಂದ ಆ ಪ್ರಶ್ನೆಯ ಹಿಂದೆ ಬಿದ್ದು ಓದಿದ್ದನ್ನು ಇಲ್ಲಿ ವೀಕ್ಷಕರ ಮುಂದಿಡುತ್ತಿದ್ದೇನೆ.

ದುಡ್ಡು ಪಡೆದು ಹೊಗಳುವುದು ನಮ್ಮ ಕಾಲದ ಆವಿಷ್ಕಾರವೇನಲ್ಲ. ಸಿನಿಮಾ ತಾರೆ ಲೀಲಾ ಚಿಟ್ನಿಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು 1941ರಲ್ಲಿ. 1952ರಲ್ಲಿ ರೇಡಿಯೊ ಸಿಲೋನಿನಿಂದ ಹೊರಟ ಅಮೀನ್ ಸಯಾನಿ ಅವರ ಗೀತಮಾಲಾವನ್ನು ನಮ್ಮ ಹಿರಿಯರು ಬುಧವಾರ ರಾತ್ರಿ ಕಿವಿಗೊಟ್ಟು ಕೇಳುತ್ತಿದ್ದರಲ್ಲ, ಅದರ ಹೆಸರೇ ಬಿನಾಕಾ ಗೀತಮಾಲಾ. ಟೂತ್‌ಪೇಸ್ಟಿನವರು ಹಣ ಕೊಡುತ್ತಿದ್ದಾರೆಂಬುದು ಶೀರ್ಷಿಕೆಯಲ್ಲೇ ಇತ್ತು. ಹಾಡು ಕೇಳಿದವರಾರೂ ಮೋಸಹೋಗಲಿಲ್ಲ. ದೂರದರ್ಶನದಲ್ಲಿ 1976ರಲ್ಲಿ ಜಾಹೀರಾತು ಬಂತು, 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿಯೊಡನೆ ಪ್ರಾಯೋಜಕರು ಬಂದರು. ಪ್ರಾಯೋಜಕರ ಹೆಸರನ್ನು ಪರದೆಯ ಮೇಲೆ ತೋರಿಸಿಯೇ ಮುಂದೆ ಹೋಗುವುದು ನಮ್ಮ ವೃತ್ತಿಯ ಶಿಸ್ತಾಯಿತು.

ಹೆಸರು ತೋರಿಸದೆ ಹೋದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದ ರೇಡಿಯೊ ಚರಿತ್ರೆ ಒಳ್ಳೆಯ ಪಾಠ. 1950ರ ದಶಕದಲ್ಲಿ ಅಲ್ಲಿನ ರೆಕಾರ್ಡ್ ಕಂಪನಿಗಳು ತಮ್ಮ ಹಾಡು ಹಾಕಿಸಲು ರೇಡಿಯೊ ನಿರೂಪಕರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದವು. ಈ ಪದ್ಧತಿಗೆ ‘ಪಯೋಲಾ’ ಎಂಬ ಅಡ್ಡಹೆಸರು. ರಾಕ್ ಅಂಡ್ ರೋಲ್ ಸಂಗೀತವನ್ನು ಮನೆಮಾತಾಗಿಸಿದ ಅಲನ್ ಫ್ರೀಡ್ ಈ ಹಗರಣದಲ್ಲಿ 1959ರ ನವೆಂಬರಿನಲ್ಲಿ ಕೆಲಸ ಕಳೆದುಕೊಂಡ. 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ತೆತ್ತ. ಇಲ್ಲಿ ಪ್ರಶ್ನೆ ಸರಳ, ಉತ್ತರವೂ ಸರಳ: ಹಣ ಪಡೆದ, ಹೇಳಲಿಲ್ಲ.

ಆದರೆ ಅದೇ ಹಗರಣದಲ್ಲಿ ವಿಚಾರಣೆಗೆ ಬಂದ ಇನ್ನೊಬ್ಬನ ಕಥೆ ಇಷ್ಟು ಸುಲಭವಲ್ಲ. ಡಿಕ್ ಕ್ಲಾರ್ಕ್, ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ಟೀವಿ ಕಾರ್ಯಕ್ರಮದ ನಿರೂಪಕ. ಅವನು ಲಂಚ ಪಡೆಯಲಿಲ್ಲ ಎಂದೇ ವಾದಿಸಿದ. ಆದರೆ ಹಾಡು ಪ್ರಕಟಿಸುವ, ರೆಕಾರ್ಡ್ ಒತ್ತುವ, ಹಂಚುವ ಹಲವಾರು ಕಂಪನಿಗಳಲ್ಲಿ ಅವನಿಗೆ ಪಾಲಿತ್ತು. ಟೀವಿ ಜಾಲದವರು ಹೇಳಿದ ಮೇಲೆ ಆ ಪಾಲುಗಳನ್ನು ಮಾರಿದ. 1960ರಲ್ಲಿ ಸಂಸದೀಯ ಉಪಸಮಿತಿಯ ಮುಂದೆ ಅವನ ಪರವಾಗಿ ಒಂದು ಸಂಖ್ಯಾಶಾಸ್ತ್ರದ ಸಂಸ್ಥೆ ಲೆಕ್ಕ ಒಪ್ಪಿಸಿತು: ತನಗೆ ಪಾಲಿದ್ದ ಹಾಡುಗಳನ್ನು ಅವನು ಹಾಕಿದ್ದು ಅವುಗಳ ಜನಪ್ರಿಯತೆಗೆ ತಕ್ಕಷ್ಟೇ ಎಂಬುದು ಅದರ ಸಾರ. ಸಮಿತಿಯವರು ಒಪ್ಪಲಿಲ್ಲ. ಹಾಡು ಜನಪ್ರಿಯವಾದದ್ದು ಅವನ ಕಾರ್ಯಕ್ರಮದಿಂದಲೇ ಆಗಿದ್ದರೆ, ಆ ಜನಪ್ರಿಯತೆಯನ್ನು ಅಳತೆಗೋಲಾಗಿ ಹಿಡಿಯುವುದು ಹೇಗೆ? ಬಿ.ಎಸ್ಸಿ. ಓದಿದ ನನಗೆ ಈ ಪ್ರಸಂಗ ಬಹಳ ರುಚಿಸಿತು. ಕಾರಣವನ್ನು ಪರಿಣಾಮದಿಂದ ಅಳೆಯಹೊರಟರೆ ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು ರೆಕಾರ್ಡ್ ಪುಸ್ತಕವನ್ನು ಹಿಂದಕ್ಕೆ ಎಸೆಯುತ್ತಿದ್ದರು! ಕೊನೆಗೆ ಕ್ಲಾರ್ಕನಿಗೆ ಶಿಕ್ಷೆಯಾಗಲಿಲ್ಲ, ದಶಕಗಳ ಕಾಲ ಟೀವಿಯಲ್ಲಿ ಮೆರೆದ. 1960ರಲ್ಲಿ ಕಾನೂನು ತಿದ್ದುಪಡಿಯಾಗಿ, ಹಣ ಪಡೆದು ಹಾಡು ಹಾಕಿದರೆ ಅದನ್ನು ಪ್ರಸಾರದಲ್ಲೇ ತಿಳಿಸಬೇಕೆಂದಾಯಿತು. ಹಣ ಪಡೆಯುವುದು ಅಪರಾಧವೆನ್ನಿಸಲಿಲ್ಲ, ಮುಚ್ಚಿಡುವುದು ಅಪರಾಧವಾಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಸಾಬೂನಿಗೂ ಸಾಮಾಜಿಕ ಜಾಲತಾಣಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ನೆರೆಮನೆಯವರು ಅದೇ ಸಾಬೂನು ಕೊಂಡರೆಂದು ನನ್ನ ಸಾಬೂನಿನ ನೊರೆ ಹೆಚ್ಚುವುದಿಲ್ಲ. ಜಾಲತಾಣದ ವಿಷಯ ಹಾಗಲ್ಲ. ನೆರೆಮನೆಯವರು, ಅವರ ನೆಂಟರು, ನೆಂಟರ ಸ್ನೇಹಿತರು ಬಂದಷ್ಟೂ ಅಲ್ಲಿ ಮೊದಲೇ ಕುಳಿತವನ ಬೆಲೆ ಏರುತ್ತದೆ. ಊರಿಗೆ ಮುಂಚೆ ಬಂದವನಿಗೆ ಮುಂದಿನ ಸಾಲು. ಆದ್ದರಿಂದ “ಇಲ್ಲಿಗೆ ಬನ್ನಿ” ಎಂದು ಕರೆಯುವ ಪ್ರಸಿದ್ಧ ವ್ಯಕ್ತಿ ಬಿಡಿಗಾಸೂ ಪಡೆಯದಿದ್ದರೂ ಅವನ ಸ್ವಾರ್ಥ ಅಲ್ಲಿ ಇದ್ದೇ ಇರುತ್ತದೆ. ಶಿಕ್ಷಕಿಯ ಪ್ರಶ್ನೆ ಕಗ್ಗಂಟಾದದ್ದು ಇಲ್ಲೇ. ದುಡ್ಡು ಕೊಟ್ಟಿದ್ದರೋ, ನಿಜವಾಗಿ ಅನ್ನಿಸಿತ್ತೋ ಎಂದು ಎರಡು ಬುಟ್ಟಿ ಮಾಡಿಟ್ಟರೆ, ಹೆಚ್ಚಿನ ಕರೆಗಳು ಎರಡು ಬುಟ್ಟಿಯಲ್ಲೂ ಅರ್ಧರ್ಧ ಬೀಳುತ್ತವೆ.

2013ರ ಜನವರಿಯಲ್ಲಿ ಟ್ವಿಟರ್ ಕಂಪನಿ ‘ವೈನ್’ ಎಂಬ ಆ್ಯಪ್ ಹೊರತಂದಿತು. ಆರೇ ಆರು ಸೆಕೆಂಡಿನ ವಿಡಿಯೊ, ಮರಳಿ ಮರಳಿ ತಿರುಗುವಂಥದ್ದು. ಆರು ಸೆಕೆಂಡಿನಲ್ಲಿ ನಗಿಸಬಲ್ಲ ಹುಡುಗ ಹುಡುಗಿಯರು ಅಲ್ಲಿ ತಾರೆಗಳಾದರು. 2015ರ ಶರತ್ಕಾಲದಲ್ಲಿ ಅವರಲ್ಲಿ ಹದಿನೆಂಟು ಮಂದಿ ಲಾಸ್ ಏಂಜಲೀಸಿನಲ್ಲಿ ಕಂಪನಿಯ ಪ್ರತಿನಿಧಿಯನ್ನು ಕೂರಿಸಿಕೊಂಡು ಬೇಡಿಕೆ ಇಟ್ಟರು: ಒಬ್ಬೊಬ್ಬರಿಗೂ 12 ಲಕ್ಷ ಡಾಲರ್ ಕೊಡಿ, ಆ್ಯಪ್‌ನಲ್ಲಿ ಕೆಲವು ಸುಧಾರಣೆ ಮಾಡಿ, ತಿಂಗಳಿಗೆ ಹನ್ನೆರಡು ವಿಡಿಯೊ ಮಾಡುತ್ತೇವೆ. ಇಲ್ಲವಾದರೆ ಹೊರಡುತ್ತೇವೆ. ಕಂಪನಿ ಒಪ್ಪಲಿಲ್ಲ, ಅವರು ಹೊರಟರು. 2016ರ ಅಕ್ಟೋಬರಿನಲ್ಲಿ ವೈನ್ ಮುಚ್ಚುವ ಪ್ರಕಟಣೆ ಬಂತು. ಮುಚ್ಚಿದ್ದಕ್ಕೆ ಇದೊಂದೇ ಕಾರಣವಲ್ಲ, ಟ್ವಿಟರಿಗೇ ಆಗ ಹಣದ ಮುಗ್ಗಟ್ಟಿತ್ತು.

ಈ ಪ್ರಸಂಗ ಕೇಳಿದವರು ಸಾಮಾನ್ಯವಾಗಿ ಆ ಹದಿನೆಂಟು ಮಂದಿಯನ್ನು ದುರಾಸೆಯವರೆಂದು ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜನರನ್ನು ಕರೆತಂದವರು ಅವರು, ಲಾಭದ ನಿರೀಕ್ಷೆ ಕಂಪನಿಯದು. ಕೂಲಿ ಕೇಳುವುದು ತಪ್ಪೇ? ಅಷ್ಟೇ ಅಲ್ಲ, ತಮ್ಮ ಬೆಲೆಯನ್ನು ಅಂಕಿಯಲ್ಲಿ ಬರೆದು ಮೇಜಿನ ಮೇಲಿಟ್ಟರು. ನಮ್ಮ ಅಡಿಕೆ ಮಂಡಿಯ ದಲ್ಲಾಳಿಯೂ ತನ್ನ ಕಮಿಷನ್ನನ್ನು ಲೆಕ್ಕದ ಚೀಟಿಯಲ್ಲಿ ಬರೆದೇ ಕೊಡುತ್ತಾನೆ. ಅದನ್ನು ನೋಡಿ ರೈತ ಗೊಣಗಬಹುದು, ಆದರೆ ಮೋಸಹೋದೆ ಎನ್ನುವುದಿಲ್ಲ. ವೈನಿನ ಮಾತುಕತೆಯಲ್ಲಿ ಕೊರತೆಯಾದದ್ದು ಬೇರೆ: ಆ ಮೇಜಿನ ಸುತ್ತ ನೋಡುಗರ ಕಡೆಯವರು ಯಾರೂ ಇರಲಿಲ್ಲ.

ಬೆಲೆ ಗುಟ್ಟಾಗಿದ್ದ ಪ್ರಸಂಗವೂ ಉಂಟು. ವಿಡಿಯೊ ಗೇಮ್ ಆಡುತ್ತಾ ನೇರ ಪ್ರಸಾರ ಮಾಡುವವರಿಗೆ ಟ್ವಿಚ್ ಎಂಬ ತಾಣ ಪ್ರಸಿದ್ಧ. ಅದರ ಎದುರಾಳಿಯಾಗಿ ಮೈಕ್ರೋಸಾಫ್ಟ್ ‘ಮಿಕ್ಸರ್’ ನಡೆಸುತ್ತಿತ್ತು. 2019ರ ಆಗಸ್ಟಿನಲ್ಲಿ ಟ್ವಿಚ್‌ನ ಅತಿದೊಡ್ಡ ತಾರೆ, ನಿಂಜಾ ಎಂದೇ ಹೆಸರಾದ ಟೈಲರ್ ಬ್ಲೆವಿನ್ಸ್, ಒಂದೂವರೆ ಕೋಟಿಗೆ ಹತ್ತಿರವಿದ್ದ ಹಿಂಬಾಲಕರನ್ನು ಬಿಟ್ಟು ಮಿಕ್ಸರ್‌ಗೆ ಹೋದ. ಎಷ್ಟು ಹಣ ಎಂಬುದನ್ನು ಕಂಪನಿ ಪ್ರಕಟಿಸಲಿಲ್ಲ. ಜನ ಹಿಂದೆ ಬಂದರು, ಆದರೆ ಸಾಕಷ್ಟಲ್ಲ. ಒಂದು ವರ್ಷ ತುಂಬುವ ಮೊದಲೇ, 2020ರ ಜುಲೈ 22ರಂದು, ಮಿಕ್ಸರ್ ಬಾಗಿಲು ಹಾಕಿತು. ಸೆಪ್ಟೆಂಬರಿನಲ್ಲಿ ನಿಂಜಾ ಹೊಸ ಕರಾರಿನೊಡನೆ ಟ್ವಿಚ್‌ಗೆ ಮರಳಿದ. ಮಿಕ್ಸರ್‌ನಲ್ಲಿ ನೂರು, ಇನ್ನೂರು ನೋಡುಗರನ್ನು ಕೂಡಿಸಿಕೊಂಡು ಕುಳಿತಿದ್ದ ಸಣ್ಣಪುಟ್ಟ ಆಟಗಾರರಿಗೆ ಕರಾರೂ ಇಲ್ಲ, ಮರಳುವ ಮನೆಯೂ ಇಲ್ಲ. ದೊಡ್ಡವರು ಬಂದಿದ್ದಾರೆ, ಇದು ನಿಲ್ಲುತ್ತದೆ ಎಂದು ನಂಬಿದವರು ಅವರು. ನಷ್ಟ ಹಂಚಿಕೆಯಾದ ರೀತಿ ನೋಡಿ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕ ಎಂಬಿಬ್ಬರು 2020ರಲ್ಲಿ ಇಲ್ಲಿ ಆರಂಭಿಸಿದ ‘ಕೂ’ ತಾಣ ಮೊದಲು ಮಾತಾಡಿದ್ದು ಕನ್ನಡದಲ್ಲಿ. ಅದರ ಗುರುತು ಹಳದಿ ಹಕ್ಕಿ. ಇಂಗ್ಲಿಷ್ ಬಾರದವರಿಗೂ ಟ್ವಿಟರಿನಂಥ ಜಗಲಿ ಬೇಕು ಎಂಬ ವಿಚಾರ ಸೊಗಸಾಗಿತ್ತು, ಈಗಲೂ ಸೊಗಸಾಗಿದೆ. ಅದೇ ವರ್ಷ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ ಹಲವು ಚೀನೀ ಆ್ಯಪ್‌ಗಳು ನಿಷೇಧವಾಗಿ, ಸ್ವದೇಶೀ ಆ್ಯಪ್‌ಗಳತ್ತ ಎಲ್ಲರ ಕಣ್ಣು ತಿರುಗಿತು. ಆಗಸ್ಟ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಹೆಸರಿಸಿದ ಆ್ಯಪ್‌ಗಳಲ್ಲಿ ಕೂ ಸಹ ಒಂದು.

ಮುಂದೆ 2021ರ ಫೆಬ್ರವರಿ. ರೈತ ಚಳವಳಿಯ ಸಂದರ್ಭದಲ್ಲಿ ಕೆಲವು ಖಾತೆಗಳನ್ನು ತಡೆಯಬೇಕೆಂದು ಕೇಂದ್ರ ಸರ್ಕಾರವೂ, ಎಲ್ಲವನ್ನೂ ತಡೆಯಲಾಗದೆಂದು ಟ್ವಿಟರೂ ಹಗ್ಗ ಜಗ್ಗುತ್ತಿದ್ದವು. ಆ ವಾರದಲ್ಲಿ ಸಚಿವರು, ಇಲಾಖೆಗಳು ಸಾಲುಸಾಲಾಗಿ ಕೂ ಸೇರಿ, “ನಮ್ಮನ್ನು ಅಲ್ಲಿ ಕಾಣಿರಿ” ಎಂದು ಪ್ರಕಟಿಸಿದರು. ಪ್ರಕಟಿಸಿದ್ದು ಎಲ್ಲಿ? ಟ್ವಿಟರಿನಲ್ಲೇ! ಕರೆ ಕೊಟ್ಟ ಹಳೆಯ ಖಾತೆಗಳು ಮುಂದೆಯೂ ನಡೆಯುತ್ತಲೇ ಇದ್ದವು. ಹೊಸ ಮನೆಯ ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆದು, ಹಳೆಯ ಮನೆಯ ಬೀಗದಕೈಯನ್ನು ಸೊಂಟದಲ್ಲೇ ಇಟ್ಟುಕೊಂಡಂತೆ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಲಕ್ಷಾಂತರ ಜನರನ್ನು ತಲುಪಬೇಕಾದವರು ಇರುವ ಬಾಗಿಲನ್ನು ಮುಚ್ಚಲಾರರು. ಆದರೆ ಕರೆದವರಿಗೆ ಈ ತಾಣ ಎಷ್ಟರಮಟ್ಟಿಗೆ ಅನಿವಾರ್ಯ ಎಂಬುದು ಆ ಬೀಗದಕೈಯಿಂದ ಗೊತ್ತಾಗುತ್ತದೆ, ಭಾಷಣದಿಂದ ಗೊತ್ತಾಗುವುದಿಲ್ಲ.

ಆ ದಿನಗಳಲ್ಲಿ ಕೂ ತಾಣವನ್ನು ಹೊಗಳಿದವರ ಉದ್ದೇಶಗಳನ್ನು ಬಿಡಿಸಿ ನೋಡಿದರೆ ಒಂದು ಸಂತೆಯೇ ಕಾಣುತ್ತದೆ. ಸ್ವದೇಶಾಭಿಮಾನವಿತ್ತು. ಟ್ವಿಟರಿಗೆ ಬುದ್ಧಿ ಕಲಿಸುವ ಹುರುಪಿತ್ತು. ಟ್ವಿಟರಿನಿಂದ ಹೊರಹಾಕಿಸಿಕೊಂಡವರಿಗೆ ಆಸರೆ ಬೇಕಿತ್ತು. ಗಣ್ಯರೆಂಬ ಹಳದಿ ಗುರುತು ಸಿಗುತ್ತಿತ್ತು. ಕನ್ನಡದಲ್ಲಿ ಬರೆಯುವವರಿಗಂತೂ ಭಾಷಾಪ್ರೇಮ ಮತ್ತು ಮುಂದಿನ ಸಾಲಿನ ಆಸೆ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿದ್ದವು. ಇಂಗ್ಲಿಷ್ ಸಾಗರದಲ್ಲಿ ಮುಳುಗಿಹೋಗುತ್ತಿದ್ದ ಕವಿಗೆ ಇಲ್ಲಿ ಸಾವಿರ ಓದುಗರು ಸಿಕ್ಕಿದರೆ, ಆತ ಆ ತಾಣವನ್ನು ಹೊಗಳಿದ್ದು ಕನ್ನಡಕ್ಕಾಗಿಯೋ ತನಗಾಗಿಯೋ? ಅವನನ್ನೇ ಕೇಳಿದರೂ ಹೇಳಲಾರ. ತನ್ನ ಮಜ್ಜಿಗೆ ಹುಳಿ ಎಂದು ಯಾರೂ ಹೇಳರು. ಮಜ್ಜಿಗೆ ನಿಜವಾಗಿಯೂ ಚೆನ್ನಾಗಿದ್ದರಂತೂ ಕೇಳುವುದೇ ಬೇಡ.

ಹಣದ ಸಂಬಂಧ ಬಹಿರಂಗವಾಗಿಯೇ ನಡೆದ ಉದಾಹರಣೆಗಳೂ ಇವೆ. ಕೂ ಸಂಸ್ಥೆಯಲ್ಲಿ ಚೀನಾ ಮೂಲದ ಹೂಡಿಕೆದಾರರೊಬ್ಬರ ಸಣ್ಣ ಪಾಲಿದ್ದದ್ದು ಟೀಕೆಗೆ ಗುರಿಯಾದಾಗ, 2021ರ ಮಾರ್ಚಿನಲ್ಲಿ ಆ ಪಾಲನ್ನು ಕೆಲವು ಭಾರತೀಯರು ಕೊಂಡರು. ನಮ್ಮ ಮೈಸೂರಿನ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅವರಲ್ಲೊಬ್ಬರು. ಕಂಪನಿಯೇ ಇದನ್ನು ಪ್ರಕಟಿಸಿತು, ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಏಪ್ರಿಲಿನಲ್ಲಿ ನಟ ಸಲ್ಮಾನ್ ಖಾನ್ ಬೆಂಗಳೂರಿನದೇ ಆದ ‘ಚಿಂಗಾರಿ’ ವಿಡಿಯೊ ಆ್ಯಪ್‌ನ ರಾಯಭಾರಿಯೂ ಹೂಡಿಕೆದಾರರೂ ಆದರೆಂದು ಪ್ರಕಟವಾಯಿತು. ಡಿಕ್ ಕ್ಲಾರ್ಕನ ಕಾಲದಲ್ಲಿ ವಿಚಾರಣೆ ನಡೆಸಿ ಹೊರಗೆಳೆಯಬೇಕಾಗಿದ್ದ ಸಂಗತಿ ಇಲ್ಲಿ ಪತ್ರಿಕಾ ಪ್ರಕಟಣೆಯಾಗಿಯೇ ಬಂದಿತೆಂಬುದು ಗಮನಾರ್ಹ.

ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್ ಹಿಡಿದವರಿಗೆ ಶೂನ್ಯ ದೋಷ ಎಂದರೇನೆಂದು ನೆನಪಿರಬಹುದು. ಏನನ್ನೂ ಅಳೆಯದಿರುವಾಗಲೇ ಉಪಕರಣ ಸೊನ್ನೆಯ ಬದಲು ಬೇರೆ ಅಂಕಿ ತೋರಿಸುತ್ತದೆ. ಅದಕ್ಕಾಗಿ ಯಾರೂ ಉಪಕರಣವನ್ನು ಬಿಸಾಡುವುದಿಲ್ಲ. ದೋಷವನ್ನು ಮೊದಲೇ ಬರೆದಿಟ್ಟುಕೊಂಡು, ಅಳತೆಯಿಂದ ಕಳೆಯುತ್ತೇವೆ. ಪಾಲುದಾರನ ಹೊಗಳಿಕೆಯನ್ನೂ ಹಾಗೆಯೇ ಕಳೆದು ಕೇಳಬಹುದು. ಬರೆದಿಡದ ದೋಷವೇ ಅಳತೆ ಕೆಡಿಸುವುದು.

ಸ್ವಾರ್ಥವೆಂದರೆ ಹಣವೇ ಆಗಬೇಕಿಲ್ಲ, ತಮಾಷೆಯೂ ಆಗಬಹುದು. 2022ರ ಅಕ್ಟೋಬರ್ ಕೊನೆಯಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡ ಮೇಲೆ ಅನೇಕರು ಬೇರೆ ತಾಣ ಹುಡುಕಿದರು. ನವೆಂಬರಿನಲ್ಲಿ ಬ್ರೆಜಿಲ್ ದೇಶದವರು ಇದ್ದಕ್ಕಿದ್ದಂತೆ ಕೂ ಸೇರತೊಡಗಿದರು. ಎರಡೇ ದಿನದಲ್ಲಿ ಹತ್ತು ಲಕ್ಷ ಮಂದಿ ಆ್ಯಪ್ ಇಳಿಸಿಕೊಂಡರು. ಕಾರಣ? ‘ಕೂ’ ಎಂಬ ಶಬ್ದ ಅವರ ಪೋರ್ಚುಗೀಸ್ ಭಾಷೆಯಲ್ಲಿ ಸಭ್ಯರ ಮುಂದೆ ಹೇಳಲಾಗದ ಒಂದು ಅಂಗವನ್ನು ಸೂಚಿಸುತ್ತದೆ. ಅಲ್ಲಿನ ಪ್ರಖ್ಯಾತ ಯೂಟ್ಯೂಬ್ ತಾರೆ ಫೆಲಿಪೆ ನೆಟೊ ಸೇರಿದಂತೆ ಹಲವರು ನಗುನಗುತ್ತಲೇ ಬಂದರು. ಕಂಪನಿ ಆ ಅಲೆಯನ್ನು ಸಂಭ್ರಮದಿಂದ ಸ್ವಾಗತಿಸಿತು. ಆದರೆ ನಗೆಗೆಂದು ಬಂದವರನ್ನು ಕಟ್ಟಿಹಾಕಲು ಪ್ರತಿದಿನವೂ ಹೊಸ ನಗೆಚಾಟಿಕೆ ಎಲ್ಲಿಂದ ತರುವುದು?

ಪ್ರಸಿದ್ಧರ ಒಂದು ಕರೆಗೆ ಎಷ್ಟು ಬೆಲೆಯೆಂಬುದನ್ನು ಆ ಡಿಸೆಂಬರಿನಲ್ಲಿ ಟ್ವಿಟರೇ ಒಪ್ಪಿಕೊಂಡಿತೆನ್ನಬೇಕು. ಡಿಸೆಂಬರ್ 18ರಂದು ಅದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಮಾಸ್ಟೊಡಾನ್ ಮುಂತಾದ ಬೇರೆ ತಾಣಗಳಿಗೆ ಜನರನ್ನು ಕರೆಯುವ ಖಾತೆಗಳ ಮೇಲೆ ಕ್ರಮ ಕೈಗೊಳ್ಳುವುದಾಗಿ ನಿಯಮ ಹೊರಡಿಸಿತು. ಗಲಾಟೆಯಾಯಿತು, ಒಂದೇ ದಿನದಲ್ಲಿ ಹಿಂತೆಗೆದುಕೊಂಡಿತು. ಕೂ ತಾಣದ ಒಂದು ಖಾತೆಯನ್ನು ಎರಡು ದಿನ ಮುಂಚೆಯೇ ಟ್ವಿಟರ್ ತಡೆಹಿಡಿದಿತ್ತು.

2024ರ ಜುಲೈ 3ರಂದು ಕೂ ಸಂಸ್ಥಾಪಕರು ವಿದಾಯ ಹೇಳಿದರು. ಹಲವು ದೊಡ್ಡ ಸಂಸ್ಥೆಗಳೊಡನೆ ನಡೆದ ಪಾಲುದಾರಿಕೆಯ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ಖರ್ಚು ಭರಿಸಲಾಗದು ಎಂಬುದು ಅವರು ಕೊಟ್ಟ ಕಾರಣ. ಉಚ್ಛ್ರಾಯದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು ಒಂದು ಕೋಟಿ ಬಳಕೆದಾರರಿದ್ದರೆಂದು ಆ ಪತ್ರದಲ್ಲಿ ಬರೆದಿದ್ದರು. ಅದೇ ಸಾಲಿನಲ್ಲಿ ಮತ್ತೊಂದು ಅಂಕಿಯಿತ್ತು: ಒಂಬತ್ತು ಸಾವಿರಕ್ಕೂ ಹೆಚ್ಚು ಗಣ್ಯರು. ವಿದಾಯದ ವೇಳೆಯಲ್ಲೂ ಗಣ್ಯರ ಲೆಕ್ಕ ಬೇರೆಯೇ ಇಡಬೇಕಾಗಿ ಬಂತು. ಆ ಒಂಬತ್ತು ಸಾವಿರದಲ್ಲಿ ಹೆಚ್ಚಿನವರಿಗೆ ಮರುದಿನ ಬೆಳಿಗ್ಗೆ ಹೋಗಲು ಬೇರೆ ಜಗಲಿಗಳಿದ್ದವು. ಅವರನ್ನು ನೋಡಲೆಂದು ಬಂದು, ತಾವೂ ನಾಲ್ಕು ಸಾಲು ಬರೆಯಲು ಕಲಿತವರ ಬಗ್ಗೆ ಆ ಮಾತು ಹೇಳಲಾಗದು.

ನಮ್ಮ ದೇಶದಲ್ಲಿ ಈಗ ನಿಯಮಗಳಿವೆ. ಜಾಹೀರಾತು ಮಾನಕ ಮಂಡಳಿ 2021ರಲ್ಲಿ ಜಾಲತಾಣದ ಪ್ರಭಾವಿಗಳಿಗೆ ಮಾರ್ಗಸೂಚಿ ತಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ದನಿಗೂಡಿಸಿದವರಿಗೆ ಹತ್ತು ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರತಂದ ಕೈಪಿಡಿ, ಹಣ ಮಾತ್ರವಲ್ಲ, ಉಡುಗೊರೆ, ಪ್ರವಾಸ, ನೆಂಟಸ್ತಿಕೆ, ನೌಕರಿಯ ಸಂಬಂಧ ಇವೆಲ್ಲವನ್ನೂ ಸ್ಪಷ್ಟವಾಗಿ ತಿಳಿಸಬೇಕೆನ್ನುತ್ತದೆ. ಬಹಳ ಒಳ್ಳೆಯದು. ಆದರೆ ‘ನನ್ನ ಹಿಂಬಾಲಕರು ಹೆಚ್ಚಲಿ’ ಎಂಬ ಆಸೆಗೆ ಚೀಟಿ ಅಂಟಿಸುವುದು ಹೇಗೆ? ಆ ಕೆಲಸ ಕೇಳುವವರ ಪಾಲಿಗೇ ಉಳಿಯುತ್ತದೆ. ನಾನಂತೂ ಈಗ ಯಾರ ಮನಸ್ಸಿನೊಳಗೂ ಇಣುಕಲು ಹೋಗುವುದಿಲ್ಲ. ಕರೆದವನು ಹಳೆಯ ಖಾತೆಯನ್ನು ಇಟ್ಟುಕೊಂಡಿದ್ದಾನೆಯೇ, ಕರಾರು ಮುಗಿದ ತಿಂಗಳಲ್ಲೂ ಅದೇ ಕಾರಣ ಹೇಳುತ್ತಿದ್ದಾನೆಯೇ, ನಾಳೆ ತಾಣ ಮುಚ್ಚಿದರೆ ಅವನದೇನು ಹೋಗುತ್ತದೆ, ನನ್ನದೇನು ಹೋಗುತ್ತದೆ, ಇಷ್ಟನ್ನು ನೋಡುತ್ತೇನೆ.

ಶಿಕ್ಷಕಿಯವರಿಗೆ ಉತ್ತರ ಬರೆದೆ. ಆ ಪ್ರಶ್ನೆಯನ್ನು ಕೇಳಬೇಕಾಗಿದ್ದವಳು ನಾನು, ಕೇಳಲಿಲ್ಲ ಎಂದು ಒಪ್ಪಿಕೊಂಡೆ. ಅವರು ನೆನಪಿದ್ದಷ್ಟು ಪದಗಳನ್ನು ಮತ್ತೆ ಹಾಡಲು ಒಪ್ಪಿದ್ದರಿಂದ ನಮ್ಮ ಧ್ವನಿಮುದ್ರಣ ಕೋಣೆಯಲ್ಲಿ ಒಂದು ಮಧ್ಯಾಹ್ನ ಹನ್ನೊಂದು ಪದ ದಾಖಲಾಯಿತು. ಉಳಿದವು ನೆನಪಿಗೆ ಬರಲಿಲ್ಲ.

ಅತಿಥಿಗಳು ತುಂಬಿಕೊಡುವ ಹಾಳೆಯಲ್ಲಿ ಈಗ ಒಂದು ಸಾಲು ಸೇರಿಸಿದ್ದೇವೆ: ನೀವು ಹೆಸರಿಸಲಿರುವ ಯಾವುದೇ ಸಂಸ್ಥೆಯೊಡನೆ ನಿಮಗೆ ಸಂಬಂಧವಿದೆಯೇ? ಹೊಸ ಹಾಳೆಯನ್ನು ಮೊದಲು ತುಂಬಿದವರು ಆ ಸಾಲನ್ನು ಖಾಲಿ ಬಿಟ್ಟಿದ್ದರು. ಫೋನು ಮಾಡಿ ಕೇಳಿದೆ. “ಏನೂ ಸಂಬಂಧ ಇಲ್ಲ ಮೇಡಂ,” ಎಂದರು. ಆಮೇಲೆ ಸ್ವಲ್ಪ ತಡೆದು, “ಒಂದಿಷ್ಟು ಷೇರು ಇದೆ, ಅದನ್ನೂ ಬರೀಬೇಕಾ?” ಎಂದು ಕೇಳಿದರು.